ಅಂಬೂಬಾಯಿಯ ಬುಗಡಿ ಮತ್ತು ಬಾದಾಮಿ ವಾಸನೆ

ಆದವಾನಿಯ ರಾಯರ ಗುಡಿ ಓಣಿಯಲ್ಲಿ ಅಂಬೂಬಾಯಿಯ ಕೈಗೆ ಹೆಸರಿತ್ತು. ಅಡಿಗೆಗಲ್ಲ. ಅಡಿಗೆ ಸಾಧಾರಣ, ಸಾರಿಗೆ ಉಪ್ಪು ಯಾವಾಗಲೂ ಒಂದು ಹರಳು ಹೆಚ್ಚು. ಹೆಸರಿದ್ದದ್ದು ಆ ಕೈಯ ಅರಿಶಿನಕ್ಕೆ. ಬೆರಳ ತುದಿಯಿಂದ ಮೊಳಕೈವರೆಗೆ ಸದಾ ಹಳದಿ. ಪಾತ್ರೆ ತಿಕ್ಕಲು ಬರುತ್ತಿದ್ದ ಲಿಂಗಕ್ಕ ದಿನಕ್ಕೊಮ್ಮೆಯಾದರೂ, "ಅವ್ವಾರ, ನಿಮ್ ಕೈ ನೋಡಿದ್ರ ಸಾಕ್ಷಾತ್ ಲಕ್ಷ್ಮೀ ಕೈ ನೋಡಿದಂಗ ಐತಿ ನೋಡ್ರಿ" ಎನ್ನುತ್ತಿದ್ದಳು. ಮುತ್ತೈದೆ ಅಂದರೆ ಹೀಗಿರಬೇಕೆಂದು ಓಣಿಯ ಅತ್ತೆಯರು ತಮ್ಮ ತಮ್ಮ ಸೊಸೆಯರಿಗೆ ಆ ಕೈ ತೋರಿಸಿ ಬೈಯುತ್ತಿದ್ದರು. ಪಾಪ, ಆ ಸೊಸೆಯರು ಅಂಬೂಬಾಯಿಗೆ ಎಷ್ಟು ಶಾಪ ಹಾಕಿದ್ದರೋ.

ಅರಿಶಿನಕ್ಕೆ ಕಾರಣ ಭಕ್ತಿಯಲ್ಲ, ತಾಮ್ರ. ಆಕೆಯ ಕೈಯಲ್ಲಿದ್ದ ನಾಲ್ಕು ಪಾಟಲಿ ಬಳೆ, ಪೆಟ್ಟಿಗೆಯಲ್ಲಿದ್ದ ಒಂದು ಜೊತೆ ಕಿವಿಯ ಬುಗಡಿ, ಎಲ್ಲ ಒಂದೇ ಮೂಸೆಯಲ್ಲಿ ಕರಗಿ ಬಂದವು. ಆ ಮೂಸೆಗೆ ಬಂಗಾರದ ಜೊತೆಗೆ ಹೆಚ್ಚು ಕಡಿಮೆ ಅಷ್ಟೇ ತಾಮ್ರವೂ ಇಳಿದಿತ್ತು. ಬರಿಗೈಯ ಮೇಲೆ ಆ ಪಾಟಲಿ ಕೆಂಪಗೆ ಕಾಣುತ್ತವೆ. ಅರಿಶಿನದ ಕೈಯ ಮೇಲೆ ಯಾವ ಲೋಹವೂ ಬಂಗಾರವೇ.

ಇದನ್ನು ಮಾಡಿಸಿದವಳು ಆಕೆಯ ತಾಯಿ ಸಕ್ಕೂಬಾಯಿ. ಪತ್ತಿಕೊಂಡದಲ್ಲಿ ಹಪ್ಪಳ ಸಂಡಿಗೆ ಮಾಡಿ ಮಾರುತ್ತ, ಕಂಡವರ ಮನೆಯ ಸಮಾರಾಧನೆಗೆ ಅಡಿಗೆ ಮಾಡುತ್ತ ಮಗಳನ್ನು ಬೆಳೆಸಿದ ವಿಧವೆ. ಆದವಾನಿಯಿಂದ ಸಂಬಂಧ ಬಂದಾಗ ಬೀಗತಿ ಕಾವೇರಿಬಾಯಿ ಕೇಳಿದ್ದು ಹತ್ತು ತೊಲ. ಕೇಳಿದ್ದಕ್ಕೆ ಹ್ಞೂಂ ಎಂದು ಬಂದ ಸಕ್ಕೂಬಾಯಿ, ಇದ್ದಬದ್ದ ಬಂಗಾರವನ್ನೆಲ್ಲ ಅಕ್ಕಸಾಲಿ ಸುಂಕಪ್ಪನ ಮುಂದೆ ಸುರಿದು, "ತೂಕ ಹತ್ತು ಬರಬೇಕಪ್ಪಾ. ಹೆಂಗ ಬರತದ ಅಂತ ನಾ ಕೇಳಂಗಿಲ್ಲ" ಎಂದಳು. ಸುಂಕಪ್ಪನೂ ಹೇಳಲಿಲ್ಲ. ತೂಕ ಮಾತ್ರ ಬಂತು.

ಮದುವೆಗೆ ಎರಡು ದಿನ ಮುಂಚೆ ಮಗಳ ತಲೆಗೆ ಎಣ್ಣೆ ಒತ್ತುತ್ತ ತಾಯಿ ಉಪದೇಶ ಮಾಡಿದಳು. "ಈ ಬಂಗಾರ ಮಾರಬ್ಯಾಡ, ಒತ್ತಿ ಇಡಬ್ಯಾಡ, ಒರೆಗಲ್ಲಿಗೆ ಹಚ್ಚಬ್ಯಾಡ. ಯಾಕಂತ ಕೇಳಬ್ಯಾಡ." ಹದಿನಾರರ ಹುಡುಗಿ ಕೇಳದೆ ಬಿಟ್ಟಾಳೆಯೇ? ಕೇಳಿದಳು. ಗೊತ್ತಾಯಿತು. ಗೊತ್ತಾದ ಮೇಲೆ ಆ ಬಂಗಾರ ಬಾಯಲ್ಲಿ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅತ್ತೆ ಕಾವೇರಿಬಾಯಿ ಸುಮ್ಮನಿದ್ದಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಆದರೆ ಸುಮ್ಮನಿರುವುದು ಆಕೆಯ ಜಾತಕದಲ್ಲೇ ಇರಲಿಲ್ಲ. ಹೊಸ್ತಿಲಲ್ಲಿ ನಿಂತು ಒಳಗಿನ ಮೊರದಲ್ಲಿರುವ ಅಕ್ಕಿಯ ಕಲ್ಲು ತೋರಿಸುವ ಕಣ್ಣು ಆಕೆಯದು, ಓಣಿಯ ಆ ತುದಿಗೆ ಕೇಳುವ ಕಂಠ. ಯಾರ ಮನೆಯ ಅರಿಶಿನ ಕುಂಕುಮಕ್ಕೆ ಹೋದರೂ ಸೊಸೆಯ ಕೈ ಹಿಡಿದು ನಾಲ್ಕು ಜನರ ಮುಂದೆ ಎತ್ತುತ್ತಿದ್ದಳು. "ನೋಡ್ರಿ, ಪತ್ತಿಕೊಂಡದ ಬಂಗಾರ. ತಾಮ್ರದ ಸೋಂಕಿಲ್ಲ. ಈಗಿನ ಕಾಲದಾಗ ಇಂಥಾ ಬಂಗಾರ ಯಾರು ಕೊಡತಾರ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಂಬೂಬಾಯಿ ಸೆರಗಿನಿಂದ ಮಣಿಕಟ್ಟು ಮುಚ್ಚಿಕೊಳ್ಳುವಳು. ಜನ ಅದನ್ನು ವಿನಯ ಎಂದುಕೊಂಡರು.

ಇನ್ನೊಂದು ಪೀಡೆಯಿತ್ತು. ಆದವಾನಿಯ ಬಿಸಿಲಿಗೆ ಬೆವರಿದರೆ ಪಾಟಲಿಯ ಕೆಳಗೆ ಚರ್ಮ ಹಸಿರಾಗುತ್ತಿತ್ತು. ಬಂಗಾರದ ಕೆಳಗೆ ಯಾರ ಕೈಯೂ ಹಸಿರಾಗುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಬಚ್ಚಲಲ್ಲಿ ಹುಣಸೆಹಣ್ಣಿನಿಂದ ಮಣಿಕಟ್ಟು ತಿಕ್ಕಿ, ಹಸಿರು ಹೋದ ಮೇಲೆ ಅರಿಶಿನ ಹಚ್ಚುವುದು. ಹುಣಸೆಹಣ್ಣಿಗೆ ಆಕೆ ಪಾಡುಪಡಬೇಕಾಗಿರಲಿಲ್ಲ. ಬಚ್ಚಲ ಗೂಡಿನಲ್ಲಿ ಒಂದು ಸಣ್ಣ ಬಟ್ಟಲು ತುಂಬ ನೆನೆಸಿಟ್ಟ ಹುಣಸೆಹಣ್ಣು ಯಾವಾಗಲೂ ಇರುತ್ತಿತ್ತು. ಅತ್ತೆ ದೇವರ ತಾಮ್ರದ ಪಾತ್ರೆ ಬೆಳಗಲು ಇಟ್ಟುಕೊಂಡಿದ್ದಾಳೆಂದು ಅಂಬೂಬಾಯಿ ತಿಳಿದಿದ್ದಳು. ಅದರಲ್ಲಿ ಒಂದು ಚಿಟಿಕೆ ಕದಿಯುವಳು, ದೇವರದ್ದನ್ನು ಕದ್ದೆನಲ್ಲಾ ಎಂದು ಕೆನ್ನೆ ಬಡಿದುಕೊಳ್ಳುವಳು, ಮರುದಿನ ಮತ್ತೆ ಕದಿಯುವಳು. ಹದಿನೆಂಟು ವರ್ಷ ಹೀಗೇ ನಡೆಯಿತು.

ಮಾವ ರಾಘಣ್ಣನವರಿಗೆ ಹೊಟ್ಟೆಯ ಆಪರೇಷನ್ ಆದಾಗ ಮನೆಯಲ್ಲಿ ಕೈ ಕಟ್ಟಿತ್ತು. ಒಂದು ಪಾಟಲಿ ಒತ್ತಿ ಇಟ್ಟರೆ ಮುಗಿಯುವ ಕೆಲಸ. ಅಂಬೂಬಾಯಿ ತನ್ನ ಬೆಳ್ಳಿ ಸಾಮಾನು, ಧಾರೆ ಸೀರೆಯ ಜರಿ ಎಲ್ಲ ತಂದಿಟ್ಟಳು, ಪಾಟಲಿಗೆ ಮಾತ್ರ ಕೈ ಹಾಕಲಿಲ್ಲ. ಬಂಗಾರದ ಮೇಲೆ ಆಕೆಗೆ ಭಾರೀ ವ್ಯಾಮೋಹ ಎಂದು ನೆಂಟರಲ್ಲಿ ಮಾತಾಯಿತು. ಆಗ ಕಾವೇರಿಬಾಯಿಯೇ ಬಾಯಿ ಹಾಕಿ, "ಸೊಸಿ ಬಂಗಾರ ಒತ್ತಿ ಇಡೋ ಮನಿ ಅಲ್ಲ ನಮ್ದು" ಎಂದು ಎಲ್ಲರ ಬಾಯಿ ಮುಚ್ಚಿಸಿದಳು. ಅಂಬೂಬಾಯಿ ರಾಯರಿಗೆ ಒಂದು ಹೆಚ್ಚಿನ ನಮಸ್ಕಾರ ಹಾಕಿದಳು.

ಹೀಗೆ ಜೀವ ಕೈಯಲ್ಲಿ ಹಿಡಿದುಕೊಂಡು ಬದುಕುತ್ತಿದ್ದವಳಿಗೆ ಗಂಡಾಂತರ ಬಂದದ್ದು ಕಳ್ಳನಿಂದಲ್ಲ, ಒತ್ತೆ ಅಂಗಡಿಯಿಂದಲ್ಲ, ಗಂಡನ ಪಿಎಚ್‌ಡಿಯಿಂದ.

ಗಂಡ ಸೇತುಮಾಧವ ಊರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಸಾಧು ಮನುಷ್ಯ. ಅಂಗಿಯ ತುಂಬ ಆಸಿಡ್ ಬಿದ್ದ ತೂತು, ತಲೆಯ ತುಂಬ ಏನೋ ಒಂದು ಗುಂಗು. ಎಪ್ಪತ್ತೇಳನೆಯ ಇಸವಿಯ ಹೊತ್ತಿಗೆ ಆತನಿಗೆ ಬಂಗಾರದ ಗುಂಗು ಹಿಡಿಯಿತು. ಕ್ಯಾಟಲಿಸ್ಟ್ ಎಂಬ ವಸ್ತುಗಳಿವೆ, ತಾವು ಕರಗದೆ ಸವೆಯದೆ ಪಕ್ಕದವರಿಂದ ಕೆಲಸ ಮಾಡಿಸುತ್ತವೆ ಎಂದು ಊಟಕ್ಕೆ ಕೂತಾಗ ವಿವರಿಸಿದ. ಅಂಬೂಬಾಯಿ ಅಡಿಗೆಮನೆಯ ಬಾಗಿಲಲ್ಲಿ ಕೂತು ಲಿಂಗಕ್ಕನಿಗೆ ಹುಕುಂ ಕೊಡುತ್ತಿದ್ದ ಅತ್ತೆಯ ಕಡೆ ನೋಡಿ, ಅರ್ಥವಾಯಿತು ಎಂದಳು.

ಸೇತುಮಾಧವನ ವಾದ ಹೀಗಿತ್ತು. ಗಾಳಿಯಲ್ಲಿರುವ ಆಮ್ಲಜನಕವನ್ನು ಬೇರೆ ವಸ್ತುವಿಗೆ ಕೂಡಿಸುವ ಕೆಲಸಕ್ಕೆ ಪ್ಲಾಟಿನಂ ಬೇಕು, ಪಲ್ಲಾಡಿಯಂ ಬೇಕು. ಬಂಗಾರ ಮಾತ್ರ ಸೋಮಾರಿ, ಮೈ ಮೇಲೆ ಕೂತು ಮೆರೆಯುವುದು ಬಿಟ್ಟರೆ ಬೇರೆ ಕೆಲಸ ಅರಿಯದು ಎನ್ನುತ್ತಾರೆ. ಆದರೆ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿದರೆ? ಅಷ್ಟು ಸಣ್ಣದಾದಾಗ ಬಂಗಾರ ತನ್ನ ಹಳದಿಯನ್ನೇ ಬಿಟ್ಟು ನೀರಿನಲ್ಲಿ ಕೆಂಪಗೆ ಕಾಣುತ್ತದೆ. ಬಣ್ಣವನ್ನೇ ಬಿಟ್ಟದ್ದು ಸೋಮಾರಿತನವನ್ನು ಬಿಡಲಾರದೆ?

ಪರೀಕ್ಷೆಗೆ ಆತ ಆರಿಸಿಕೊಂಡದ್ದು ಒಂದು ಬಗೆಯ ಆಲ್ಕೊಹಾಲು. ಕುಡಿಯುವಂಥದ್ದಲ್ಲ ಎಂದು ಮನೆಯಲ್ಲಿ ಮೂರು ಸಲ ಹೇಳಬೇಕಾಯಿತು. ಅದಕ್ಕೆ ಆಮ್ಲಜನಕ ಕೂಡಿದರೆ ಬಾದಾಮಿ ವಾಸನೆಯ ಎಣ್ಣೆಯಾಗುತ್ತದೆ. ಕೆಲಸ ಆಯಿತೋ ಇಲ್ಲವೋ ಎಂದು ತಿಳಿಯಲು ಮೂಗೊಂದಿದ್ದರೆ ಸಾಕು. ಕಾಲೇಜಿನವರು ಗೊಣಗುತ್ತ ಬೊಂಬಾಯಿಯಿಂದ ಅಪ್ಪಟ ಬಂಗಾರದ ಉಪ್ಪು ಒಂದು ಪುಟ್ಟ ಸೀಸೆ ತರಿಸಿಕೊಟ್ಟರು. ಸೇತುಮಾಧವ ತಿಂಗಳುಗಟ್ಟಲೆ ಒದ್ದಾಡಿದ. ಬಾದಾಮಿ ಹಾಗಿರಲಿ, ಬೇವಿನ ವಾಸನೆಯೂ ಬರಲಿಲ್ಲ. ಸೀಸೆ ಮುಗಿಯಿತು. ಇನ್ನೊಂದು ಕೇಳಿದಾಗ ಕಾಲೇಜಿನವರು ನಕ್ಕು ಕಳಿಸಿದರು.

ಒಂದು ದಿನ ಮಧ್ಯಾಹ್ನ ಮಜ್ಜಿಗೆ ಅನ್ನ ಕಲಸುತ್ತ ಆತ ಹೆಂಡತಿಯನ್ನು ಕೇಳಿದ. "ನಿನ್ನ ಬುಗಡಿ ಅವ ಅಲ್ಲ, ಹಾಕ್ಕೋಳಂಗೇ ಇಲ್ಲ ನೀನು. ಒಂದು ಕೊಡತೀಯೇನು?"

ಅಂಬೂಬಾಯಿ ಮಜ್ಜಿಗೆಯ ಪಾತ್ರೆ ಕೆಳಗಿಟ್ಟು, "ಜೊತಿ ಮುರೀಬಾರದು ಅಂತಾರ" ಎಂದಳು.

"ಎರಡೂ ಕೊಟ್ಟರ ನಂಗೇನು ಬ್ಯಾಡಿಲ್ಲ."

"ಅಮ್ಮನ ನೆನಪಿಂದು."

"ನಿಮ್ಮಮ್ಮ ಗಟ್ಟಿಮುಟ್ಟಾಗಿ ಪತ್ತಿಕೊಂಡದಾಗ ಹಪ್ಪಳ ಒತ್ತಲಿಕ್ಕೆ ಹತ್ಯಾರ. ನೆನಪು ಯಾಕ, ಬಸ್ಸಿಗೆ ಕೂತರ ಅವರೇ ಸಿಗತಾರ."

ಒಳಗಿಂದ ಅತ್ತೆ ಏನಾದರೂ ಅಡ್ಡ ಮಾತಾಡಲಿ ಎಂದು ಅಂಬೂಬಾಯಿ ಜೀವಮಾನದಲ್ಲಿ ಮೊದಲ ಸಲ ಬಯಸಿದಳು. ಅವತ್ತೇ ಕಾವೇರಿಬಾಯಿ ಗುಡಿಗೆ ಹೋಗಿದ್ದಳು. ಕೊನೆಗೆ ಅಂಬೂಬಾಯಿ ಒಂದು ಲೆಕ್ಕ ಹಾಕಿದಳು. ಈತ ಇದನ್ನು ಆಸಿಡ್‌ನಲ್ಲಿ ಕರಗಿಸುತ್ತಾನೆ. ಕರಗಿದ ಮೇಲೆ ಒರೆಗಲ್ಲಿಗೆ ಹಚ್ಚಲು ಏನುಳಿಯುತ್ತದೆ? ನೀರಿಗೆ ಬಾಯಿಲ್ಲ. ಒಂದು ಬುಗಡಿ ಕೊಟ್ಟಳು.

ಆ ವಾರ ಸೇತುಮಾಧವ ಬಾದಾಮಿ ವಾಸನೆ ಹೊತ್ತು ಮನೆಗೆ ಬಂದ.

ಮೊದಲು ಗಮನಿಸಿದವಳು ಕಾವೇರಿಬಾಯಿ. ಮಗ ಹೋಟೆಲಿನಲ್ಲಿ ಕದ್ದು ಬಾದಾಮಿ ಹಾಲು ಕುಡಿಯುತ್ತಿದ್ದಾನೆ, ಮಡಿವಂತರ ಮನೆ ಕೆಟ್ಟಿತು ಎಂದು ಗಲಾಟೆ ಮಾಡಿದಳು. ಆತ ನಗುತ್ತ ಅಂಗಿ ಬಿಚ್ಚಿ ಕೊಟ್ಟ. "ಮೂಸಿ ನೋಡಮ್ಮಾ. ಹಾಲಲ್ಲ, ಬಂಗಾರ. ಬಂಗಾರ ಕೆಲಸಾ ಮಾಡಲಿಕ್ಕೆ ಹತ್ಯದ!" ನಲವತ್ತರ ಮನುಷ್ಯ ಹಜಾರದಲ್ಲಿ ಮಗುವಿನಂತೆ ಕುಣಿದ. ಜಗಲಿಯ ಮೇಲೆ ಪೇಪರು ಓದುತ್ತಿದ್ದ ರಾಘಣ್ಣನವರು ತಲೆಯೆತ್ತಿ, ಪ್ರಮೋಷನ್ ಆಯಿತೇನು ಎಂದು ಕೇಳಿ, ಇಲ್ಲವೆಂದು ತಿಳಿದು ಮತ್ತೆ ತಲೆ ಬಗ್ಗಿಸಿದರು. ಅಂಬೂಬಾಯಿಗೆ ಅಂದು ಗಂಡನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ತನ್ನ ಬುಗಡಿ ಇಷ್ಟು ಸಂತೋಷ ಕೊಟ್ಟಿತಲ್ಲ ಎಂದು ಹಿಗ್ಗಿದಳು.

ಹಿಗ್ಗು ಬಹಳ ದಿನ ಬಾಳಲಿಲ್ಲ. ಸೇತುಮಾಧವ ವಿಜ್ಞಾನಿ, ಸಂತೋಷವಾದರೆ ಸುಮ್ಮನಿರದೆ ಯಾಕಾಯಿತು ಎಂದು ಕೇಳುವ ಜಾತಿ. ಮುಂಜಿಯಲ್ಲಿ ಸೋದರಮಾವ ಹಾಕಿದ್ದ ಅಪರಂಜಿ ಉಂಗುರವನ್ನೂ ಕರಗಿಸಿ ನೋಡಿದ. ವಾಸನೆ ಬರಲಿಲ್ಲ. ಬೊಂಬಾಯಿಯ ಬಂಗಾರ ಸೋಮಾರಿ, ಸೋದರಮಾವನ ಬಂಗಾರ ಸೋಮಾರಿ, ಪತ್ತಿಕೊಂಡದ್ದು ಮಾತ್ರ ದುಡಿಯುತ್ತದೆ. ಬುಗಡಿಯಿಂದ ಮಾಡಿದ ಪುಡಿಯನ್ನು ಇನ್ನೊಮ್ಮೆ ಕಾಯಿಸಲು ಹೋದಾಗ ಕರೆಂಟು ಜಾಸ್ತಿಯಾಗಿ ಸುಟ್ಟು ಕರಕಲಾಯಿತು. ಇನ್ನು ಉಳಿದದ್ದು ಒಂದು ಸೀಸೆ ಕೆಂಪು ನೀರು. ಹಿಂದೊಮ್ಮೆ ಇಂಥದೇ ಸೀಸೆಯನ್ನು ಕಾಲೇಜಿನಲ್ಲಿ ಯಾರೋ ಕೆಂಪು ಶಾಯಿ ಎಂದು ತಿಳಿದು ಚೆಲ್ಲಿ, ತೊಳೆದು, ಬೋರಲು ಹಾಕಿದ್ದರು. ಹಾಗಾಗಿ ಈ ಸಲ ಆತ ಅದನ್ನು ಮನೆಗೆ ತಂದು ದೇವರಮನೆಯ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಇಟ್ಟ. ಮಡಿಯಿಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ, ಒಳಗಿನದನ್ನು ಮುಟ್ಟುವಂತಿಲ್ಲ. ಬ್ಯಾಂಕಿನ ಲಾಕರಿಗಿಂತ ಭದ್ರ ಎಂದ. ಸೀಸೆಯ ನೀರು ಅಚ್ಚ ಓಕುಳಿಯಂತಿತ್ತು. ಅರಿಶಿನಕ್ಕೆ ಸುಣ್ಣ ಕದಡಿ ಆರತಿಯ ತಟ್ಟೆಗೆ ಮಾಡುತ್ತಾರಲ್ಲ, ಆ ಕೆಂಪು.

ಶ್ರಾವಣದ ಎರಡನೆಯ ಗುರುವಾರ ಊಟದ ಹೊತ್ತಿಗೆ ಆತ ತನ್ನ ಗೈಡ್ ಹೇಳಿದ್ದನ್ನು ಎಲ್ಲರಿಗೂ ಹೇಳಿದ. "ಬಂಗಾರ ಒಂಟಿ ಇದ್ದರ ಕೆಲಸಾ ಮಾಡಂಗಿಲ್ಲಂತ. ಪಕ್ಕದಾಗ ಇನ್ನೊಂದು ಧಾತು ಇರಬೇಕು. ಎರಡೂ ಕೂಡಿದ ಕಣ ಆದರ ಆಮ್ಲಜನಕಾ ಹಿಡೀತದ. ಅತ್ತಿಯವರ ಬಂಗಾರದಾಗ ಏನೋ ಅದ. ಬೆಳ್ಳಿ ಇದ್ದರ ಮೊದಲs ಮೊಸರಿನಂಗ ಒಡೀತಿತ್ತು, ಒಡೀಲಿಲ್ಲ. ಹಂಗಾರ ತಾಮ್ರನs ಇರಬೇಕು."

ಅಂಬೂಬಾಯಿಯ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು.

"ತಾಮ್ರ ಹೆಂಗ ಇರತದ? ಎಲ್ಲಾರ ಬಂಗಾರದಾಗೂ ಚೂರು ಇರತದ, ಅಷ್ಟs" ಎಂದಳು ಕಾವೇರಿಬಾಯಿ, ಎಲೆಯಿಂದ ಕಣ್ಣೆತ್ತದೆ.

"ಚೂರಲ್ಲಮ್ಮಾ, ಚೂರಿದ್ದರ ಇಷ್ಟು ಕೆಲಸಾ ಆಗಂಗಿಲ್ಲ. ಎಷ್ಟಂತ ನಾಳೆ ನೋಡಿಬಿಡೋಣ. ಸೀಸೆದ ನೀರು ಕಾಸಿ, ಆಸಿಡ್ ಹಾಕಿ ಕೆಂಪು ತೆಗದು, ಮ್ಯಾಲೆ ಅಮೋನಿಯಾ ಬಿಟ್ಟರ ಮುಗೀತು. ತಾಮ್ರ ಇದ್ದರ ನವಿಲಿನ ಕುತ್ತಿಗಿ ಹಂಗ ನೀಲಿ ಬರತದ. ಕುರುಡನಿಗೂ ಕಾಣಸತದ. ನಾಳೆ ಶುಕ್ರವಾರ ಊಟಕ್ಕ ಅತ್ತಿಯವರೂ ಬರತಾರಲ್ಲ? ಅವರ ಬಂಗಾರ, ಅವರ ಕಣ್ಣ ಮುಂದನs ನೀಲಿ ಮಾಡಿ ತೋರಸತೀನಿ. ಪಾಪ, ಖುಷಿ ಪಡತಾರ."

ಎಷ್ಟು ಒಳ್ಳೆಯ ಅಳಿಯ! ಇಂಥ ಒಳ್ಳೆಯತನಕ್ಕೆ ಯಾರು ಏನು ಮಾಡಲಿಕ್ಕಾಗುತ್ತದೆ? ಅಂಬೂಬಾಯಿ ಗಂಡನ ಎಲೆಗೆ ಎರಡನೆಯ ಸಲ ಸಾರು ಬಡಿಸಿದಳು. ತನ್ನನ್ನು ಏನಾದರೂ ಅನ್ನಲಿ, ಹದಿನೆಂಟು ವರ್ಷ ಈ ಮನೆಯ ಮಾತು ಕೇಳಿ ಚರ್ಮ ದಪ್ಪವಾಗಿದೆ. ಆದರೆ ಅಮ್ಮ? ಮಗಳ ಮನೆಯ ಹೊಸ್ತಿಲಲ್ಲಿ ಸೆರಗು ಸರಿಮಾಡಿಕೊಂಡು ಒಳಗೆ ಬರುವ, ಯಾರ ಹಂಗಿನಲ್ಲೂ ಇಲ್ಲವೆಂಬ ಒಂದೇ ಹೆಮ್ಮೆಯಲ್ಲಿ ಬದುಕಿರುವ ಆ ಮುದುಕಿ, ನಾಳೆ ಅತ್ತೆಯ ಮುಂದೆ, ಊಟದ ಎಲೆಯ ಮುಂದೆ, ಕಳ್ಳಿಯಾಗಿ ಕೂಡಬೇಕು. ಮತ್ತೆ ಆಕೆ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಇದು ಅಂಬೂಬಾಯಿಗೆ ನೀಲಿ ಬಣ್ಣದಷ್ಟೇ ಸ್ಪಷ್ಟವಾಗಿ ಕಂಡಿತು.

ಶುಕ್ರವಾರ ಬೆಳಿಗ್ಗೆ ಸಕ್ಕೂಬಾಯಿ ಪತ್ತಿಕೊಂಡದ ಬಸ್ಸಿಳಿದು ಸಂಡಿಗೆಯ ಗಂಟಿನೊಂದಿಗೆ ಬಂದಳು. ಅಳಿಯ ಕಾಲೇಜಿಗೆ ಅಮೋನಿಯಾ ತರಲು ಹೊರಟವನು ಬಾಗಿಲಲ್ಲೇ ನಿಂತು, "ಅತ್ತಿಯವರ, ಇವತ್ತು ನಿಮ್ಮ ಬಂಗಾರದ ಗುಟ್ಟು ಹೊರಗ ಬೀಳತದ ನೋಡ್ರಿ" ಎಂದು ಸಂಭ್ರಮದಿಂದ ಹೇಳಿಹೋದ. ಮುದುಕಿ ಅಡಿಗೆಮನೆಯ ಮೂಲೆಯಲ್ಲಿ ಕೂತು ಒಂದು ಚೊಂಬು ನೀರು ಕುಡಿದಳು, ಇನ್ನೊಂದು ಕೇಳಿದಳು, ಅದನ್ನೂ ಕುಡಿದಳು. ಮಗಳ ಮುಖ ನೋಡಲಿಲ್ಲ.

ಶ್ರಾವಣ ಶುಕ್ರವಾರ ಆ ಮನೆಯಲ್ಲಿ ತಾಯಿ ಮಕ್ಕಳಿಗೆ ಆರತಿ ಮಾಡುವ ಪದ್ಧತಿ. ಮಗನಿಗೆ ಎಷ್ಟು ವಯಸ್ಸಾದರೂ ಸೈ, ತಾಯಿ ಮುತ್ತೈದೆಯಾಗಿದ್ದರೆ ಮಣೆ ಹಾಕಿ ಕೂರಿಸಿ ಓಕುಳಿ ಎತ್ತಿ, ಅದನ್ನು ಒಯ್ದು ಓಣಿಯ ಮೂರು ದಾರಿ ಕೂಡುವಲ್ಲಿ ಚೆಲ್ಲಬೇಕು. ಕಾವೇರಿಬಾಯಿ ಸೊಸೆಗೆ ಹೇಳಿದಳು. "ಅಂಬೂ, ಮಡಿ ಉಟಗೊಂಡು ಓಕುಳಿ ಕಲಸಿಡು. ನಾ ಹೂವು ಬಿಡಿಸಿ ಬರತೀನಿ."

ಅಂಬೂಬಾಯಿ ದೇವರಮನೆಯಲ್ಲಿ ಕೂತಳು. ಮುಂದೆ ಹಿತ್ತಾಳೆ ತಟ್ಟೆ, ಅರಿಶಿನ, ಸುಣ್ಣದ ಡಬ್ಬಿ. ತಲೆಯೆತ್ತಿದರೆ ಗೂಡಿನಲ್ಲಿ ಕೆಂಪು ಸೀಸೆ. ಎರಡು ಕೆಂಪಿಗೂ ಏನು ವ್ಯತ್ಯಾಸ? ತಪ್ಪಿ ಸುರಿದೆ ಎಂದರೆ ಯಾರು ಇಲ್ಲವೆನ್ನುತ್ತಾರೆ? ಕೈ ಎತ್ತಿದಳು. ಸೀಸೆಯ ಕುತ್ತಿಗೆಯವರೆಗೂ ಹೋಯಿತು ಕೈ. ಅಷ್ಟರಲ್ಲಿ ಹಜಾರದಲ್ಲಿ ಕುಣಿದ ಗಂಡನ ಮುಖ ನೆನಪಾಯಿತು. ಒಂದು ವರ್ಷ ಊಟ ನಿದ್ದೆ ಬಿಟ್ಟು ಮಾಡಿದ್ದು. ಈಕಡೆ ಅಮ್ಮನ ಮಾನ, ಆಕಡೆ ಆತನ ಜೀವ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೂ ಒಂದು ಸಲ ಕತ್ತರಿಸಿಕೊಂಡು ಬಿಡುಗಡೆಯಾಗುತ್ತದೆ, ಈಕೆಗೆ ಅದೂ ಇಲ್ಲ. ಕೈ ಕೆಳಗೆ ಬಂತು. "ನಂಗಾಗಂಗಿಲ್ಲ ರಾಯರೇ" ಎಂದು ಗಳಗಳನೆ ಅತ್ತಳು. ಅರಿಶಿನದ ಕೈಯಿಂದ ಒರೆಸಿಕೊಂಡದ್ದಕ್ಕೆ ಕಣ್ಣು ಉರಿಯಹತ್ತಿತು.

ಆ ಹೊತ್ತಿಗೆ ಕಾವೇರಿಬಾಯಿ ಹೂವಿನ ಬುಟ್ಟಿ ಹಿಡಿದು ಬಂದಳು. ಖಾಲಿ ತಟ್ಟೆ ನೋಡಿದಳು, ಅಳುವ ಸೊಸೆಯನ್ನು ನೋಡಿದಳು, ಗೂಡು ನೋಡಿದಳು.

"ಅಯ್ಯ, ಓಕುಳಿ ಮಾಡಿ ಸೀಸೇದಾಗ ತುಂಬಿಟ್ಟೀಯಲ್ಲ! ಜಾಣಿ" ಎಂದಳು.

"ಅತ್ಯಾ, ಅದು—"

"ಕಣ್ಣು ಕಾಣಸಂಗಿಲ್ಲ ನಂಗ ಇತ್ತೀಚಿಗೆ" ಎಂದು ಕಾವೇರಿಬಾಯಿ ಸೀಸೆಯ ಬಿರಡೆ ಕಿತ್ತು, ಒಂದು ಹನಿಯೂ ಬಿಡದಂತೆ ಬುಡ ತಟ್ಟಿ ತಟ್ಟಿ ತಟ್ಟೆಗೆ ಸುರಿದಳು. ಆಮೇಲೆ ಸೀಸೆಗೆ ನೀರು ಹಾಕಿ ಕುಲುಕಿ ಅದನ್ನೂ ಸುರಿದಳು. ಕಣ್ಣು ಕಾಣದವರು ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದನ್ನು ಅಂಬೂಬಾಯಿ ಎಲ್ಲೂ ನೋಡಿರಲಿಲ್ಲ.

ಸೇತುಮಾಧವ ಬಂದ. ಜೇಬಿನಲ್ಲಿ ಅಮೋನಿಯಾ, ಮೂಗಿಗೆ ಬಡಿಯುವ ಘಾಟು. ಮಣೆಯ ಮೇಲೆ ಕೂತ. ತಾಯಿ ತನ್ನ ಓಣಿಗೆ ಕೇಳುವ ಕಂಠದಲ್ಲಿ ಹಾಡುತ್ತ, ಆತ ಕರಗಿಸಿದ ಬಂಗಾರವನ್ನೇ ಆತನ ಮುಖದ ಮುಂದೆ ಮೂರು ಸಲ ಎತ್ತಿ ಇಳಿಸಿದಳು. ಆತ ಜೇಬಿನ ಸೀಸೆ ವಾಲದಂತೆ ಹಿಡಿದುಕೊಳ್ಳುವುದರಲ್ಲಿದ್ದ, ತಟ್ಟೆ ನೋಡಲಿಲ್ಲ. ಹಣೆಗೆ ಒಂದು ಬೊಟ್ಟು ಬಿತ್ತು. ಕಾವೇರಿಬಾಯಿ ತಟ್ಟೆ ಹಿಡಿದು ಸರಸರ ಓಣಿಯ ತುದಿಗೆ ನಡೆದಳು, ಚೆಲ್ಲಿದಳು, ಕೈ ತೊಳೆದು ಬಂದಳು.

"ಎಲ್ಲಿ ನನ್ನ ಸೀಸೆ?" ಎಂದ ಸೇತುಮಾಧವ ದೇವರಮನೆಯ ಬಾಗಿಲಲ್ಲಿ ನಿಂತು.

ಮುಂದಿನದನ್ನು ಆ ಓಣಿಯವರು ಬಹಳ ದಿನ ಹೇಳಿಕೊಂಡು ನಕ್ಕರು. ನಡುಮಧ್ಯಾಹ್ನ ಕೆಮಿಸ್ಟ್ರಿ ಮೇಷ್ಟ್ರು ಮೂರು ದಾರಿ ಕೂಡುವಲ್ಲಿ ಕುಕ್ಕರುಗಾಲಲ್ಲಿ ಕೂತು, ಚಮಚದಿಂದ ಆರತಿ ಬಿದ್ದ ಮಣ್ಣು ಕೆರೆದು ಡಬ್ಬಿಗೆ ತುಂಬುತ್ತಿದ್ದರು. ಆರತಿ ಚೆಲ್ಲಿದ ಜಾಗವನ್ನು ಯಾರೂ ದಾಟುವುದೇ ಇಲ್ಲ, ಅಂಥದ್ದರಲ್ಲಿ ಅದನ್ನು ಕೆರೆಯುವುದೆಂದರೆ! ಲಿಂಗಕ್ಕ ದೂರದಲ್ಲೇ ನಿಂತು, "ಏಮೈಂದಿ ಸಾರುಕಿ? ಏನಾತು ಮೇಷ್ಟ್ರಿಗೆ? ಮಾಟ ಗೀಟ ಮಾಡಾಕ ಹತ್ಯಾರೋ ಏನೋ ನಮ್ಮಪ್ಪಾ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದು ಹತ್ತಿ ಗಾಡಿ ಅದರ ಮೇಲೇ ಹಾದುಹೋಯಿತು. ಎತ್ತಿಗೆ ಶಾಸ್ತ್ರ ಗೊತ್ತಿರಲಿಲ್ಲ. ಆ ಮಣ್ಣಿನಲ್ಲಿ ಸಗಣಿ, ಸುಣ್ಣ, ಕಡಲೆಕಾಯಿ ಸಿಪ್ಪೆ ಎಲ್ಲ ಇತ್ತು, ಬಂಗಾರ ಇದ್ದರೂ ಇಲ್ಲದಂತೆಯೇ. ಉಳಿದದ್ದು ಆತನ ಹಣೆಯ ಮೇಲಿನ ಒಂದು ಬೊಟ್ಟು. ಅದನ್ನೂ ಬೆವರಿನ ಜೊತೆ ಅಂಗೈಯಿಂದ ಒರೆಸಿಕೊಂಡ.

"ನಂಗೇನು ಗೊತ್ತಪ್ಪಾ? ಕೆಂಪಗಿತ್ತು, ಕುಂಕುಮದ ಪಕ್ಕ ಇತ್ತು. ದೇವರಮನ್ಯಾಗ ಆಸಿಡ್ ಇಡತಾರ ಅಂತ ಯಾವ ಶಾಸ್ತ್ರದಾಗ ಬರದದ?" ಎಂದಳು ತಾಯಿ.

ಆತನ ಕಣ್ಣು ಹೆಂಡತಿಯ ಕಡೆ ತಿರುಗಿತು. "ಇನ್ನೊಂದು ಬುಗಡಿ..."

"ಏ ಸೇತೂ!" ಕಾವೇರಿಬಾಯಿಯ ದನಿ ಓಣಿಯ ತುದಿ ಮುಟ್ಟಿತು. "ಶ್ರಾವಣ ಶುಕ್ರವಾರ ಮನಿ ಬಂಗಾರ ಬೀದಿ ಪಾಲಾಗೇದ. ಇದಕ್ಕಿಂತಾ ಅಪಶಕುನ ಬೇಕೇನು? ಇನ್ನ ಮ್ಯಾಲೆ ಈ ಮನೀದೊಂದು ಗುಂಜಿ ಬಂಗಾರ ಹೊರಗ ಹೋಗಂಗಿಲ್ಲ. ನಾ ಇರೋತನಕ ಇಲ್ಲ. ಸ್ನಾನಾ ಮಾಡಿ ಬಾ, ಮಣ್ಣು ಮುಟ್ಟೀದಿ."

ಸೇತುಮಾಧವನ ಕಥೆ ಇಲ್ಲೇ ಮುಗಿಸಿಬಿಡುವುದು ಒಳ್ಳೆಯದು. ಆತ ಆಮೇಲೆ ವಿಷಯ ಬದಲಿಸಿ, ಕಡಲೆಕಾಯಿ ಎಣ್ಣೆ ಗಾಳಿಗೆ ಯಾಕೆ ಕಮಟುತ್ತದೆ ಎಂಬುದರ ಮೇಲೆ ಪಿಎಚ್‌ಡಿ ಮಾಡಿದ. ಅದಕ್ಕೆ ವಸ್ತು ಆದವಾನಿಯಲ್ಲಿ ಬೇಕಾದಷ್ಟು ಸಿಕ್ಕಿತು. ಆದರೆ ಮೈಗೆ ಬಾದಾಮಿ ವಾಸನೆ ಮತ್ತೆ ಬರಲಿಲ್ಲ, ಹಜಾರದಲ್ಲಿ ಮತ್ತೆ ಕುಣಿಯಲೂ ಇಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಸಣ್ಣ ಕಣ ಮಾಡಿದರೆ ಬಂಗಾರವೂ ಕೆಲಸ ಮಾಡುತ್ತದೆ ಎಂದು ಯಾವುದೋ ದೂರದ ದೇಶದವರು ತೋರಿಸಿದ್ದನ್ನು ಓದಿದಾಗ, "ಹ್ಞಾಂ, ನಂಗೊತ್ತಿತ್ತು" ಎಂದು ಪತ್ರಿಕೆ ಮಡಿಚಿಟ್ಟ. ಅಂಬೂಬಾಯಿ ಅವತ್ತು ಬಾದಾಮಿ ಹಾಲು ಮಾಡಿ ಕೊಟ್ಟಳು. ಅದಕ್ಕಿಂತ ಹೆಚ್ಚು ಏನು ಮಾಡಬೇಕೆಂದು ಆಕೆಗೆ ತಿಳಿಯಲಿಲ್ಲ. ಆತ ಯಾಕೆಂದು ಕೇಳದೆ ಕುಡಿದ.

ಆ ಶುಕ್ರವಾರಕ್ಕೆ ಮರಳೋಣ. ಊಟ ನಡೆಯಿತು. ಕಾವೇರಿಬಾಯಿ ತಾನೇ ನಿಂತು ಬೀಗತಿಗೆ ಬಡಿಸಿದಳು. "ಹಾಕ್ಕೋರಿ ಸಕ್ಕೂಬಾಯಾರ, ಸಂಕೋಚ ಮಾಡಬ್ಯಾಡ್ರಿ. ನಿಮ್ಮ ಮನಿ ಇದು" ಎಂದು ಹೋಳಿಗೆಯ ಮೇಲೆ ತುಪ್ಪ ಸುರಿದಳು. ಮುದುಕಿ ತಲೆ ಬಗ್ಗಿಸಿ ತಿಂದಳು. ಸಾಯಂಕಾಲದ ಬಸ್ಸಿಗೆ ಹೋಗುವಾಗ ಹೊಸ್ತಿಲಲ್ಲಿ ನಿಂತು, ಎಂದಿನಂತೆ ಸೆರಗು ಸರಿಮಾಡಿಕೊಂಡು, "ಮುಂದಿನ ಶುಕ್ರವಾರನೂ ಬರತೀನ್ರೀ" ಎಂದಳು.

ಆಕೆ ಹೋದ ಮೇಲೆ ಅಂಬೂಬಾಯಿ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಳು. ಅತ್ತೆ ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ.

"ಅತ್ಯಾ, ನಿಮಗ ಆ ಸೀಸೆ ಯಾವುದಂತ ಗೊತ್ತಿತ್ತು" ಎಂದಳು ಕೊನೆಗೆ ಧೈರ್ಯ ಮಾಡಿ.

"ಅಕ್ಕಿಕಲ್ಲು ಕಾಣೋ ಕಣ್ಣಿಗೆ ಸೀಸೆ ಕಾಣಸಂಗಿಲ್ಲೇನು?"

"ಮತ್ತ ತಾಮ್ರದ್ದು...?"

ಕಾವೇರಿಬಾಯಿ ಹೊಸ್ತಿಲ ಮೇಲೆ ಕೂತಳು. "ನೀ ಈ ಮನಿಗೆ ಬಂದ ಮೂರನೇ ದಿನ, ನೀ ಎಣ್ಣಿ ಸ್ನಾನಕ್ಕ ಹೋದಾಗ ತಗದಿಟ್ಟಿದ್ದ ಪಾಟಲಿ ಒಂದು ಒಯ್ದು ಸರಾಫ ಬಜಾರದಾಗ ಒರಿಗೆ ಹಚ್ಚಿಸಿದ್ದೆ. ಅತ್ತಿ ಆದಾಕಿ ನೋಡದs ಬಿಡತಾಳೇನು? ಸರಾಫ ನಕ್ಕ. ನಾ ಅವಂಗ ಹೇಳಿದೆ, ಹೊರಗ ಬಾಯಿ ಬಿಟ್ಟಿದಿ ಅಂದರ ನಿನ್ನ ಅಂಗಡಿ ಮುಂದ ಬಂದು ಕೂತು ಹಾಡು ಹೇಳತೀನಿ ಅಂತ."

"ಮತ್ತ ಊರ ಮುಂದ ಅಪ್ಪಟ ಬಂಗಾರ ಅಂತ..."

"ಮತ್ತೇನಂತಿದ್ದೆ? ಹಪ್ಪಳ ಒತ್ತಿ ಬದುಕೋ ಹೆಣಮಗಳಿಗೆ ಹತ್ತು ತೊಲಿ ಕೇಳಿದಾಕಿ ನಾನು. ಎಲ್ಲಿಂದ ತರತಾಳ ಅಂತ ಗೊತ್ತಿದ್ದೂ ಕೇಳಿದೆ. ಇನ್ನ ತಾಮ್ರ ಅಂತ ಹ್ಯಾಂಗ ಹೇಳಲಿ? ನಾನs ನಾಲ್ಕು ಮಂದಿ ಮುಂದ ಮೊದಲು ಎತ್ತಿ ತೋರಿಸಿಬಿಟ್ಟರ ಮತ್ತ್ಯಾರೂ ಮುಟ್ಟಿ ನೋಡಂಗಿಲ್ಲ. ಹದಿನೆಂಟು ವರ್ಷ ಆ ಪಾಟಲಿಗೆ ಬಾಯಿಲೇ ಮೆರುಗು ಕೊಟ್ಟೀನಿ."

ಅಂಬೂಬಾಯಿಯ ಕೈ ತಾನಾಗಿಯೇ ಗೂಡಿನ ಕಡೆ ಹೋಯಿತು, ಹುಣಸೆಹಣ್ಣಿನ ಬಟ್ಟಲ ಕಡೆ. ಅಭ್ಯಾಸ. ಅರ್ಧಕ್ಕೆ ನಿಲ್ಲಿಸಿ, "ತಪ್ಪಾತು ಅತ್ಯಾ. ದಿನಾ ದೇವರ ಹುಣಸೀಹಣ್ಣು ನಾನs ಕದೀತಿದ್ದೆ" ಎಂದು ಅದನ್ನೂ ಹೇಳಿಬಿಟ್ಟಳು.

ಕಾವೇರಿಬಾಯಿ ಮೊಣಕಾಲು ಹಿಡಿದು ಎದ್ದಳು. ಆಕೆಗೆ ನಿಜವಾಗಿ ಸಿಟ್ಟು ಬಂದಿತ್ತು.

"ಮಡಿಮೈಲಿಗಿ ಗೊತ್ತಿಲ್ಲೇನು ನಿನಗ? ಬಚ್ಚಲದಾಗ ಇಟ್ಟದ್ದು ದೇವರಿಗೆ ನಡೀತದೇನು? ದೇವರ ಸಾಮಾನು ನಾ ಬಾವಿಕಟ್ಟಿ ಮ್ಯಾಲೆ ಬೆಳಗತೀನಿ, ಅದರ ಹುಣಸೀಹಣ್ಣು ಅಲ್ಲೇ ಇರತದ. ಇಲ್ಲಿಂದು ದಿನಾ ಯಾರಿಗೆ ನೆನಿಸಿಡತಿದ್ದೆ ಅಂತ ಮಾಡೀದಿ?"

ಎಂದು ಬಟ್ಟಲನ್ನು ಸೊಸೆಯ ಕೈಗಿಟ್ಟು, ದೀಪ ಹಚ್ಚುವ ಹೊತ್ತಾಯಿತೆಂದು ಒಳಗೆ ಹೋದಳು.